ಕಂಬಳಿಯ ಬಿಸಿ ಎಲ್ಲಿರುತ್ತದೆ?

ಮಲ್ಲಟದ ಬೂದೆಮ್ಮ ದೂರದಲ್ಲಿ ಕಂಡರೆ ಸಾಕು, ಲೈನ್‌ಮನ್ ಗಡಿಗೆಪ್ಪ ಇಳಿಯುತ್ತಿದ್ದ ಕಂಬವನ್ನೇ ಮತ್ತೆ ಹತ್ತುತ್ತಿದ್ದ. ಅವನದೇನೂ ತಪ್ಪಿಲ್ಲ ಬಿಡಿ. ತಂತಿಯ ಮೇಲೆ ಕೂತ ಗುಬ್ಬಿ ಯಾಕೆ ಸಾಯುವುದಿಲ್ಲ ಎಂದು ಆಕೆ ಕೇಳಿದಾಗ, ಗುಬ್ಬಿಗೆ ಬಿಲ್ ಬರುವುದಿಲ್ಲವ್ವಾ ಎಂದು ನಗೆಯಾಡಿ ಪಾರಾಗಲು ನೋಡಿದ್ದ. ಬಿಲ್ ನನಗೂ ಬರುವುದಿಲ್ಲ, ಹಾಗಾದರೆ ನಾನೂ ಮುಟ್ಟಲೇನು ಎಂದಳು ಆಕೆ. ಪಾಪ, ಆಕೆ ಮನೆಗೆ ಹೋಗುವ ತನಕ ಬುತ್ತಿ ಬಿಚ್ಚದೆ ಕಂಬದ ಬುಡದಲ್ಲೇ ಕಾವಲು ಕೂತ.

ಬಸ್ ನಿಂತರೆ ಮೈ ಯಾಕೆ ಮುಂದಕ್ಕೆ ವಾಲುತ್ತದೆ? ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟರೆ ಮಲ್ಲಟದಲ್ಲಿ ಬಲ್ಬು ಹತ್ತುತ್ತದಂತೆ, ಹಾಗಾದರೆ ತಂತಿಯಲ್ಲಿ ಬೂದಿ ಯಾಕೆ ಬರುವುದಿಲ್ಲ? ಹೀಗೆ ಕಂಡವರ ತಲೆ ತಿನ್ನುತ್ತಿದ್ದ ಬೂದೆಮ್ಮನ ಎಲ್ಲಕ್ಕಿಂತ ಹಳೆಯ ಪ್ರಶ್ನೆ ಮನೆಯದೇ ಆಗಿತ್ತು. ಕುರುಬರ ಮನೆ, ಆಕೆ ಉಣ್ಣೆ ನೂಲುತ್ತಿದ್ದಳು, ಗಂಡ ಮುದುಕಪ್ಪ ಹುಣಸೆಬೀಜದ ಗಂಜಿ ಹಾಕಿ ಕಂಬಳಿ ನೇಯುತ್ತಿದ್ದ. ಗೂಟಕ್ಕೆ ತೂಗುಹಾಕಿದ ಕಂಬಳಿಯ ಮಡಿಕೆಯೊಳಗೆ ಕೈ ಹಾಕಿದರೆ ತಣ್ಣಗಿರುತ್ತದೆ, ಹೊದ್ದರೆ ಬಿಸಿ. ಆ ಬಿಸಿ ಎಲ್ಲಿತ್ತು? ಮುದುಕಪ್ಪ, ಸುಮ್ಮನೆ ನೂಲು ಎನ್ನುತ್ತಿದ್ದ. ಕೊನೆಗೆ ಆಕೆ ತಾನೇ ಒಂದು ಉತ್ತರ ಕಟ್ಟಿಕೊಂಡಿದ್ದಳು: ಬಿಸಿ ನಮ್ಮ ಮೈಯದು, ಕಂಬಳಿ ಅದನ್ನು ಹೊರಗೆ ಬಿಡುವುದಿಲ್ಲ, ಅಷ್ಟೆ. ಇದನ್ನು ಕೇಳಿದವರೆಲ್ಲ ನಕ್ಕರು.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಈ ಉತ್ತರಕ್ಕೆ ಪರೀಕ್ಷೆ ಬಂತು. ಎರಡು ವರ್ಷದ ಹಿಂದೆ ದಡಾರ ಎದ್ದು ಆಕೆಯ ಕಿರಿಮಗಳು ಮಾರೆಮ್ಮ ತೀರಿಕೊಂಡಿದ್ದಳು. ಈಗ ಹಿರಿಮಗಳ ಮಡಿಲಲ್ಲಿ ಕೂಸಿತ್ತು. ನರ್ಸ್ ವಾಹಿದಾ ದಡಾರಕ್ಕೂ ನಾಯಿಕೆಮ್ಮಿಗೂ ಚುಚ್ಚುಮದ್ದು ಬಂದಿದೆ ಎಂದದ್ದೇ ತಡ, ಬೂದೆಮ್ಮ ಮನೆಮನೆ ಸುತ್ತಿ, ಕಾಲು ಹಿಡಿದು, ಬೈದು, ಕುರುಬರ ಹಟ್ಟಿಯ ತಾಯಂದಿರನ್ನೆಲ್ಲ ಒಪ್ಪಿಸಿದಳು. ಮರುದಿನ ಬೆಳಿಗ್ಗೆ ಕುರಿಹಿಂಡಿನ ಜೊತೆ ಎಲ್ಲರೂ ಹೊಳೆದಂಡೆಗೆ ಹೊರಡುವವರು, ಮತ್ತೆ ಬರುವುದು ಮಳೆ ಬಿದ್ದ ಮೇಲೆ. ಚುಚ್ಚಿದರೆ ಅಂದೇ ಚುಚ್ಚಬೇಕು.

ಔಷಧಿ ತರಲು ಅಂದು ವಾಹಿದಾ ಮಾನ್ವಿಯ ಆಸ್ಪತ್ರೆಗೆ ಹೋದಾಗ ಬೂದೆಮ್ಮನೂ ಮಾರುವ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಜೊತೆಗೆ ಹೋಗಿದ್ದಳು. ತಿರುಗಿ ಬರುವಾಗ ಬಸ್ ಹತ್ತುವ ನೂಕುನುಗ್ಗಲಲ್ಲಿ ವಾಹಿದಾಳ ಕೈಯಿಂದ ಮಂಜುಗಡ್ಡೆ ತುಂಬಿ ಔಷಧಿ ಇಟ್ಟಿದ್ದ ಥರ್ಮಾಸ್ ಜಾರಿ ಬಿತ್ತು. ಒಳಗಿನ ಗಾಜು ಪುಡಿಪುಡಿ. ಔಷಧಿಯ ಸೀಸೆಗಳು ಪ್ಲಾಸ್ಟಿಕ್ ಚೀಲದಲ್ಲಿದ್ದದ್ದರಿಂದ ಉಳಿದವು, ಆದರೆ ತಂಪು ಹೋದರೆ ಅವು ಬರೀ ನೀರು. ಆಸ್ಪತ್ರೆಯ ಉಳಿದ ತಂಪುಡಬ್ಬಿಗಳು ಬೇರೆ ಊರುಗಳಿಗೆ ಹೋಗಿದ್ದವು. ವಾಹಿದಾಳ ಕಣ್ಣಲ್ಲಿ ನೀರು ಬಂತು.

ಬೂದೆಮ್ಮ ತಂದ ಕಂಬಳಿ ಮಾರಿಹೋಗಿರಲಿಲ್ಲ. ಹೆಗಲ ಮೇಲಿನ ಕಂಬಳಿಯನ್ನು ಮುಟ್ಟಿ ನೋಡಿಕೊಂಡಳು.

"ಅಕ್ಕಾರ, ಇದು ಒಳಗಿಂದು ಹೊರಗ ಬಿಡೂದಿಲ್ಲ ಅಂದಮ್ಯಾಲ, ಹೊರಗಿಂದು ಒಳಗ ಹ್ಯಾಂಗ ಬಿಟ್ಟೀತು?"

ವಾಹಿದಾ ಕಣ್ಣೊರೆಸಿಕೊಂಡು ಆಕೆಯ ಮುಖವನ್ನೇ ನೋಡಿದಳು. ಬೇರೆ ದಾರಿಯಾದರೂ ಏನಿತ್ತು? ಹೊಸ ಬರ್ಫ ಕೊಂಡರು, ಸ್ಟೀಲಿನ ಡಬ್ಬಿಗೆ ತುಂಬಿದರು, ನಡುವೆ ಸೀಸೆ ಇಟ್ಟು ಕಂಬಳಿಯನ್ನು ಸುತ್ತಿ ಸುತ್ತಿ ಬಿಗಿದರು. ಊರಲ್ಲಿ ಬಿಚ್ಚಿದಾಗ ಬರ್ಫ ಇರದಿದ್ದರೆ ಎಲ್ಲ ಚೆಲ್ಲಿಬಿಡುತ್ತೇನೆ, ಒಂದು ಕೂಸಿಗೂ ಚುಚ್ಚುವುದಿಲ್ಲ ಎಂದು ವಾಹಿದಾ ಮೊದಲೇ ಹೇಳಿದಳು. ಬೂದೆಮ್ಮ ಗೋಣು ಹಾಕಿದಳು.

ಬಸ್ಸಿನಲ್ಲಿ ನಗೆಯೋ ನಗೆ. ಬರ್ಫಕ್ಕೆ ಚಳಿ ಬಂದಿದೆಯೇನವ್ವಾ ಎಂದ ಕಂಡಕ್ಟರ್. ಅದಾದರೂ ಸಹಿಸಬಹುದಿತ್ತು, ಹಿಂದಿನ ಸೀಟಿನಿಂದ ಎದ್ದು ಬಂದವನು ಮುದುಕಪ್ಪನ ಅಣ್ಣ ಸಿದ್ದರಾಮಪ್ಪ. ಭಾವನೆದುರು ಬೂದೆಮ್ಮ ಮಾತಾಡುವಂತಿಲ್ಲ, ಸೆರಗು ಹೊದ್ದು ತಲೆ ತಗ್ಗಿಸಬೇಕು. ಕಂಬಳಿಯಲ್ಲಿ ಸುತ್ತಿದರೆ ಬೆಂದೇ ಹೋಗುತ್ತದೆ, ಕುರುಬರ ಮನೆಯ ಸೊಸೆಗೆ ಇಷ್ಟೂ ತಿಳಿಯದೇ, ಬಿಚ್ಚಿ ಕಿಟಕಿಯ ಗಾಳಿಗೆ ಇಡಿ ಎಂದು ಆತ ಗದರಿದ. ಹಿರಿಯನ ಮಾತಿಗೆ ಬಸ್ಸೆಲ್ಲ ಹೂಂಗುಟ್ಟಿತು. ವಾಹಿದಾಳ ಕೈ ಗಂಟಿನ ಕಡೆ ಹೋಯಿತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬೂದೆಮ್ಮ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, ವಾಹಿದಾಳ ಕಡೆ ತಿರುಗಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದಳು:

"ಅಕ್ಕಾರ, ನಮ್ಮ ಭಾವಾರಿಗೆ ಹೇಳ್ರಿ. ಮಿಕ್ಕಿದ ಬರ್ಫದ ತುಂಡು ಅವ್ರ ಹಂತೇಲಿರಲಿ, ಗಾಳಿಗಿ ಹಿಡೀಲಿ. ನಂದು ಕಂಬಳ್ಯಾಗ ಇರಲಿ. ಊರಾಗ ನೋಡೂಣು."

ಸಿದ್ದರಾಮಪ್ಪ ಸೋಲುವ ಆಸಾಮಿಯಲ್ಲ. ಡಬ್ಬಿಯಲ್ಲಿ ಹಿಡಿಸದೆ ಉಳಿದ ತುಂಡನ್ನು ಹೆಗಲ ವಲ್ಲಿಯಲ್ಲಿ ಕಟ್ಟಿ ಕಿಟಕಿಗೆ ಹಿಡಿದ. ರಾಯಚೂರು ಸೀಮೆಯ ಬೇಸಿಗೆಯ ಗಾಳಿ, ಒಲೆಯ ಬಾಯಿಂದ ಬಂದಂತೆ ಬೀಸುತ್ತಿತ್ತು. ಅರ್ಧ ದಾರಿಯಲ್ಲಿ ಬಸ್ಸಿನ ಟೈರು ಪಂಕ್ಚರ್ ಆಯಿತು. ಎಲ್ಲರೂ ಬೇವಿನ ಮರದ ಕೆಳಗೆ ಕೂತರು. ಬೂದೆಮ್ಮ ಮಾತ್ರ ಗಂಟನ್ನು ಅಪ್ಪಿಕೊಂಡು ನಿಂತೇ ಇದ್ದಳು. ಬಸ್ ಮತ್ತೆ ಹೊರಡುವಷ್ಟರಲ್ಲಿ ಸಿದ್ದರಾಮಪ್ಪನ ವಲ್ಲಿಯಲ್ಲಿ ಏನೂ ಉಳಿದಿರಲಿಲ್ಲ. ಆತನ ಧೋತರ ಒದ್ದೆಯಾಗಿತ್ತು. ಅದನ್ನು ನೋಡಿ ಬೂದೆಮ್ಮ ಹಿಗ್ಗಲಿಲ್ಲ, ಗಂಟಿನೊಳಗೂ ಹೀಗೇ ಆಗಿದ್ದರೆ ಎಂದು ಹೆದರಿದಳು.

ಊರಿನ ಗುಡಿಕಟ್ಟೆಯ ಮೇಲೆ ವಾಹಿದಾ ಗಂಟು ಬಿಚ್ಚಿದಳು. ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಒಂದಿಷ್ಟು ನೀರು, ಅದರ ಮೇಲೆ ದಪ್ಪ ದಪ್ಪ ಬರ್ಫ. ಬೂದೆಮ್ಮ ಮೈಮರೆತು ಭಾವನ ಮುಖವನ್ನೇ ನೇರವಾಗಿ ನೋಡಿ ನಕ್ಕುಬಿಟ್ಟಳು. ಸಿದ್ದರಾಮಪ್ಪ ಬಾಯ್ತೆರೆದುಕೊಂಡೇ ಡಬ್ಬಿಯಲ್ಲಿ ಬೆರಳದ್ದಿ ನೋಡಲು ಹೋಗಿ ವಾಹಿದಾಳಿಂದ ಬೈಸಿಕೊಂಡ. ಆಮೇಲೆ ಹಟ್ಟಿಯ ಕೂಸುಗಳು ಒಂದೊಂದಾಗಿ ಅತ್ತವು, ಬೂದೆಮ್ಮನ ಮೊಮ್ಮಗ ಎಲ್ಲರಿಗಿಂತ ಜೋರಾಗಿ ಅತ್ತ. ಆಕೆಯ ಸಂಭ್ರಮ ಹೇಳತೀರದು. ಬರ್ಫದ ಚೂರು ಹಿಡಿದು ಕಂಡಕಂಡವರಿಗೆಲ್ಲ ಕಂಬಳಿಯ ಗುಟ್ಟು ವಿವರಿಸಿದ್ದೇ ವಿವರಿಸಿದ್ದು.

ಸಂಜೆಗೆ ಕೂಸುಗಳ ಮೈ ಸುಡತೊಡಗಿತು. ಹೀಗಾಗುತ್ತದೆ, ಹೆದರಬೇಡಿ ಎಂದು ವಾಹಿದಾ ಮೊದಲೇ ತಿಳಿಸಿದ್ದಳು. ಜ್ವರ ಬಂದವರಿಗೆ ಆ ಹಟ್ಟಿಯಲ್ಲಿ ಒಂದೇ ಉಪಚಾರ: ಗಾಳಿ ತಾಗದಂತೆ ಬಾಗಿಲು ಮುಚ್ಚಿ ಕಂಬಳಿ ಹೊದಿಸುವುದು. ಬೂದೆಮ್ಮನೂ ಮೊಮ್ಮಗನಿಗೆ ಹೊದಿಸಲೆಂದು ಅದೇ ಕಂಬಳಿ ಕೊಡವಿದಳು. ಕೈ ಹಾಗೇ ನಿಂತಿತು. ಕೂಸನ್ನು ನೋಡಲು ಬಂದಿದ್ದ ವಾಹಿದಾಳ ಕಡೆ ತಿರುಗಿದಳು.

"ಅಕ್ಕಾರ, ಸುಡೋ ಮೈಗಿ ಇದನ್ನ ಹೊಚ್ಚಿದ್ರ, ಆ ಬಿಸಿ ಎಲ್ಲಿಗಿ ಹೋಗಬೇಕು?"

"ಎಲ್ಲಿಗೂ ಹೋಗೂದಿಲ್ಲ ಬೂದೆವ್ವ. ತೆಳ್ಳನ ಅರಿವಿ ಹಾಕ್ರಿ ಅಂತ ನಾ ಹೇಳ್ಕೋತನಾ ಬಂದೀನಿ."

ದಡಾರದ ಜ್ವರದಲ್ಲಿ ಮಲಗಿದ್ದ ಮಾರೆಮ್ಮನಿಗೆ ಎರಡು ಕಂಬಳಿ ಹೊದಿಸಿದ್ದರು. ಬ್ಯಾಡವ್ವಾ, ಉರೀತದ ಎಂದು ಕೂಸು ಒದ್ದು ಕೆಡವಿದಾಗಲೆಲ್ಲ ಮತ್ತೆ ಎಳೆದು ಹೊದಿಸಿ, ಅಂಚನ್ನು ಮೊಣಕಾಲಲ್ಲಿ ಒತ್ತಿ ಹಿಡಿದವಳು ಬೂದೆಮ್ಮನೇ.

"ಅದಕ್ಕ ಸತ್ತಳೇನ್ರಿ?"

"ಅದಕ್ಕನಾ ಅಂತ ಹೇಳಾಕ ಬರೂದಿಲ್ಲ. ದಡಾರನೂ ಕೆಟ್ಟ ರೋಗ," ಎಂದಳು ವಾಹಿದಾ, ಆಕೆಯ ಕೈ ಹಿಡಿದು.

ಬೂದೆಮ್ಮ ಎದೆ ಬಡಿದುಕೊಂಡು ಅತ್ತಳು, ಮಗಳು ಸತ್ತ ದಿನಕ್ಕಿಂತ ಹೆಚ್ಚಾಗಿ ಅತ್ತಳು. ಆಮೇಲೆ ಕಣ್ಣನ್ನೂ ಒರೆಸಿಕೊಳ್ಳದೆ ಎದ್ದು, ಪಕ್ಕದ ಮನೆಯ ಮುಚ್ಚಿದ ಬಾಗಿಲು ದೂಡಿ, ಯಾರನ್ನೂ ಕೇಳದೆ ಕೂಸಿನ ಮೇಲಿನ ಕಂಬಳಿ ಎಳೆದು ತೆಗೆದಳು. ಯಾಕಂತ ತಾಯಿ ಜಗಳಕ್ಕೆ ಬಂದರೆ, ಬರ್ಫ ನೋಡಿದೆಯಲ್ಲ ಎಂದಳು. ಅಲ್ಲಿಂದ ಮುಂದಿನ ಮನೆ, ಅಲ್ಲಿಂದ ಇನ್ನೊಂದು. ಬೂದೆಮ್ಮ ಬಾಗಿಲಿಗೆ ಬರುವ ಮೊದಲೇ ಸಿದ್ದರಾಮಪ್ಪ ತನ್ನ ಮೊಮ್ಮಗಳ ಕಂಬಳಿಯನ್ನು ತಾನೇ ತೆಗೆದು ಹೊರಗಿಟ್ಟಿದ್ದ.