ತುಟಿಯ ಮುಂದೆ ತಡೆಯುವ ಚಮಚ

ಹೆಜ್ಜೆ ಹೆಜ್ಜೆಯಾಗಿ ತಿರುಗುವ ಆ ಹಳೆಯ ಸ್ಟೆಪ್ಪರ್ ಮೋಟಾರಿಗೆ ಶಂಕರಪ್ಪ ಮಾಸ್ತರರು ಕೊಟ್ಟದ್ದು ಒಂದು ಚೀಲ ಬಿಳಿಜೋಳ. ನಾನು ಕೇಳಿದ್ದು ಅರ್ಧ ಚೀಲ. ಸಿಂದಗಿಯ ನನ್ನ ಹಳೇ ಸಾಮಾನಿನ ಅಂಗಡಿಯಲ್ಲಿ ಬೆಲೆ ಏರಿಸಿ ಚೌಕಾಸಿ ಮಾಡಿದ ಗಿರಾಕಿ ಅವರೊಬ್ಬರೇ. ಮೋಟಾರನ್ನು ಕಿವಿಗೆ ಹಿಡಿದು, ಎರಡು ಬೆರಳಲ್ಲಿ ತಿರುವಿ, "ಒಟ್ಟ ಸಪ್ಪಳಿಲ್ಲೋ ತಮ್ಮಾ. ಇದರ ಕಿಮ್ಮತ್ತ ನಿನಗ ಗೊತ್ತಿಲ್ಲ" ಎಂದರು.

"ಗೊತ್ತಿಲ್ಲಂದ್ರ ಅರ್ಧ ಚೀಲಕ್ಕ ಸುಮ್ಮನ ಒಯ್ಯಬೇಕಿತ್ತಲ್ರಿ, ಸರ!" ಎಂದೆ.

ಸಪ್ಪಳದ ಚಿಂತೆ ಯಾಕೆಂದು ಬಸವನ ಬಾಗೇವಾಡಿಯ ಅವರ ಮನೆಗೆ ಹೋದಾಗ ತಿಳಿಯಿತು. ಹೆಂಡತಿ ಪಾರ್ವತಕ್ಕನಿಗೆ ಎರಡೂ ಕೈ ಸೋತಿದ್ದವು. ಮುದ್ದೇಬಿಹಾಳದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದ ಮಾಸ್ತರರು ಆಕೆಗೆ ಉಣಿಸಿ, ಆಮೇಲೆ ಆರಿದ ರೊಟ್ಟಿ ತಿನ್ನುತ್ತಿದ್ದರು. ಆಕೆಗೆ ಅದೇ ಸಂಕಟ. ಕಾಲಿನಿಂದ ಗುಂಡಿ ಒತ್ತಿದರೆ ಚಮಚ ಬಾಯಿಗೆ ತರುವ ತೋಳೊಂದನ್ನು ಮಾಡಬೇಕು, ಇಬ್ಬರೂ ಕೂಡಿ ಉಣ್ಣಬೇಕು ಎಂಬುದು ಮಾಸ್ತರರ ಹಟ.

ಮೋಟಾರಿನ ಒಂದೊಂದು ಹೆಜ್ಜೆಯನ್ನೂ ಹದಿನಾರು ಚೂರು ಮಾಡಿದರೆ ಚಲನೆ ನುಣುಪಾಗುತ್ತದೆ, ಸದ್ದಡಗುತ್ತದೆ. ಆದರೆ ಅದೇ ವೇಗಕ್ಕೆ, ಅದನ್ನು ನಡೆಸುವ ಮೈಕ್ರೊಕಂಟ್ರೋಲರ್ ಚಿಪ್ ಹದಿನಾರು ಪಟ್ಟು ಪಲ್ಸ್, ಅಂದರೆ ವಿದ್ಯುತ್ತಿನ ಮಿಡಿತ, ಕಳಿಸಬೇಕು. ಒಮ್ಮೆಲೇ ಅಷ್ಟನ್ನೂ ಕೊಟ್ಟರೆ ಏನಾಗುತ್ತದೆಂದು ನನಗೆ ತೋರಿಸಿದರು. ಮೋಟಾರು ಕುಂಯ್ ಎಂದು ಅಲ್ಲೇ ನಡುಗಿತು, ತಿರುಗಲಿಲ್ಲ.

"ನನ್ನ ಕಡೆ ಇದಕ್ಕಿಂತ ದೊಡ್ಡದ ಐತ್ರಿ" ಎಂದೆ.

"ನಿನ್ನ ವ್ಯಾಪಾರ ಬಿಡೋ! ಮಲಗಿದಾಂವನ್ನ ಎಬ್ಬಿಸಿ ಓಡು ಅಂದ್ರ ನೀ ಓಡ್ತೀಯೇನು?"

ಪಲ್ಸುಗಳನ್ನು ವಿರಳವಾಗಿ ಆರಂಭಿಸಿ ಬರಬರುತ್ತ ಒತ್ತಾಗಿಸಿದರು. ತುಟಿ ಹತ್ತಿರವಾದಂತೆ ಮತ್ತೆ ವಿರಳ. ತೋಳಿಗೆ ಹಚ್ಚಿದ್ದ ಪುಟ್ಟ ಪರದೆಯ ಮೇಲೆ ಅಕ್ಷರ ಮೂಡಿಸುವಾಗ ಚಿಪ್ ತಡವರಿಸಿ ನುಚ್ಚು ಚೆಲ್ಲಿತು. ಪರದೆಯನ್ನೇ ಕಿತ್ತರು. "ತುತ್ತ ಒಯ್ಯೂ ಹೊತ್ತಿನ್ಯಾಗ ಅದನ್ನ ಮಾತಾಡಸಬಾರದು." ಪಾರ್ವತಕ್ಕನ ಮುಖ ನೋಡುತ್ತ ತಿಂಗಳುಗಟ್ಟಲೆ ತಿದ್ದಿದರು. ಕೊನೆಗೆ ಚಮಚ ತುಟಿಯ ಮುಂದೆ ಆಕೆ ಬಾಯಿ ತೆರೆಯುವಷ್ಟು ಹೊತ್ತು ತಡೆದು ನಿಂತು, ಆಮೇಲೆ ಮೆಲ್ಲಗೆ ಒಳಸರಿಯತೊಡಗಿತು. ಥೇಟ್ ಮಾಸ್ತರರು ಉಣಿಸುತ್ತಿದ್ದ ಹಾಗೆ.

ಅಂದು ಪಾರ್ವತಕ್ಕ ಮೊದಲ ತುತ್ತು ನುಂಗಿ ಗದರಿದಳು: "ನೋಡ್ಕೋತ ಏನ ಕುಂತೀರಿ? ನಿಮ್ಮ ತಾಟ ಹಚ್ಕೋರಿ." ಮಾಸ್ತರರ ಕೈಯಲ್ಲಿ ಬಿಸಿ ರೊಟ್ಟಿಯ ಚೂರು ಇತ್ತು, ಬಹಳ ಹೊತ್ತು ಅದು ಬಾಯಿಗೆ ಹೋಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಎದೆನೋವು ಬಂದು ಮಾಸ್ತರರು ಹೋಗಿಬಿಟ್ಟರು. ತೋಳು ಮಾತ್ರ ಉಣಿಸುತ್ತಲೇ ಇತ್ತು. ಮಳೆಗಾಲದ ಒಂದು ಸಿಡಿಲಿಗೆ ಚಿಪ್ ಇದ್ದ ಬೋರ್ಡು ಸುಟ್ಟುಹೋಯಿತು. ಅವರು ಬರೆದ ಪ್ರೋಗ್ರಾಂ ಆ ಚಿಪ್ಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅವರ ಕಂಪ್ಯೂಟರನ್ನು ನೆಂಟರು ಆಗಲೇ ಅಳಿಸಿ ಯಾರಿಗೋ ಕೊಟ್ಟಿದ್ದರು. ಇಂಡಿ ಊರಿನಿಂದ ಜಾಣ ಎಂಜಿನಿಯರೊಬ್ಬನನ್ನು ಕರೆತಂದು, ಬೇರೆ ಬೋರ್ಡು ಹಾಕಿಸಿ ಪ್ರೋಗ್ರಾಂ ಹೊಸದಾಗಿ ಬರೆಸಿದೆ. ಚಮಚ ಬಂತು, ಸದ್ದಿಲ್ಲದೆ, ಒಂದು ಹನಿ ಚೆಲ್ಲದೆ. ಪಾರ್ವತಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಚಮಚ ಎಲ್ಲೂ ತಡೆಯದೆ ತುಟಿಗೆ ತಾಕಿದ್ದೇ ಮುಖ ತಿರುಗಿಸಿದಳು.

"ತಗದಬಿಡಪಾ. ಇದು ಅವರ ಕೈ ಅಲ್ಲ."

ಈಗ ಪಾರ್ವತಕ್ಕನಿಗೆ ಆಕೆಯ ತಂಗಿಯ ಮಗಳು ಉಣಿಸುತ್ತಾಳೆ. ಮೋಟಾರು ನನ್ನ ಅಂಗಡಿಗೆ ಮರಳಿದೆ. ಯಾರು ಕೇಳಿದರೂ ಮಾರುವುದಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥದ್ದೊಂದು ಮಾಡಿಟ್ಟಿದ್ದರೆ, ಇವತ್ತೇ ಅದರ ಪ್ರೋಗ್ರಾಮಿನ ಪ್ರತಿ ತೆಗೆದು ಎರಡು ಕಡೆ ಇಡಿ. ಪಲ್ಸ್ ಎಷ್ಟರಿಂದ ಶುರು, ಎಷ್ಟಕ್ಕೆ ಏರುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ಮಾಡಿದವರು ಎದುರಿಗೆ ಕೂತಿರುವಾಗಲೇ ಕೇಳಿ ಬರೆದುಕೊಳ್ಳಿ. ಬೋರ್ಡು ಬೇಕಾದರೆ ನನ್ನ ಅಂಗಡಿಯಲ್ಲಿ ಎಷ್ಟಾದರೂ ಸಿಗುತ್ತವೆ.