ಮುಂದೆ ಆರೇ ಗಾಡಿ

"ತಮ್ಮಾ, ಆ ಡಾಕ್ಟರ್ ಹೇಳಿದ್ದೆಲ್ಲಾ ನನಗ ಈಗ ಆಗಾಕ ಹತ್ತೇತಿ ನೋಡು."

ಸಕ್ಕರೆ ಕಾರ್ಖಾನೆಯ ಎದುರು ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ನನ್ನ ಮುಂದಿದ್ದ ಸಂಪಗಾಂವದ ಬಸಣ್ಣ ಎದೆ ಒತ್ತಿ ಹಿಡಿದು ಹೇಳಿದರು. ಮುಖವೆಲ್ಲ ಬೆವೆತಿತ್ತು.

ನಾವೆಲ್ಲ ಟ್ರ್ಯಾಕ್ಟರಿನಲ್ಲಿ ಹಾಡು ಹಚ್ಚಿದರೆ, ಅವರು ಪೆನ್‌ಡ್ರೈವಿಗೆ ತುಂಬಿಸಿಕೊಂಡ ವೈದ್ಯರ ಪಾಡ್‌ಕಾಸ್ಟ್ ಹಚ್ಚುತ್ತಿದ್ದರು. ಎದೆ ಬಿಗಿದು ಎಡಗೈ ಸೆಳೆದರೆ ಗ್ಯಾಸ್ ಎಂದು ಸುಮ್ಮನೆ ಕೂರಬಾರದೆಂದು ನಮಗೆಲ್ಲ ಹೇಳಿದವರೇ ಅವರು. ನಾವು ನಗುತ್ತಿದ್ದೆವು.

"ನಡೀರಿ ಅಣ್ಣಾ, ಯಾರದರ ಬೈಕ್ ತಗೊಂಡು ದವಾಖಾನಿಗೆ ಹೋಗೂಣು," ಎಂದೆ.

"ಮುಂದ ಆರ ಗಾಡಿ ಅದಾವು. ತೂಕ ಮಾಡಿಸೇ ಹೋಗೂಣು."

ಎರಡು ದಿನ ಕಾದ ಪಾಳಿ ಅದು. ತೂಕಕ್ಕೆ ಮೊದಲು ಸಾಲು ಬಿಟ್ಟರೆ ಮತ್ತೆ ಕೊನೆಗೆ ಹೋಗಿ ನಿಲ್ಲಬೇಕು. ಅವರನ್ನು ಕರೆದೊಯ್ದರೆ ನನ್ನ ಪಾಳಿಯೂ ಹೋಗುತ್ತಿತ್ತು. ಅದಕ್ಕೇ ನಾನೂ ಹೂಂ ಅಂದೆ. ಮೂರನೇ ಗಾಡಿ ಮುಂದೆ ಸರಿಯುವಷ್ಟರಲ್ಲಿ ಬಸಣ್ಣ ಸ್ಟೀರಿಂಗ್ ಮೇಲೆ ಕುಸಿದರು. ಯಾರೋ ಕಾರಿನಲ್ಲಿ ಹಾಕಿಕೊಂಡು ಹೋದರು. ನಾನು ಹೋಗಲಿಲ್ಲ.

ಹಿಂದಿನವರು ಹಾರ್ನ್ ಹೊಡೆಯತೊಡಗಿದಾಗ ಬಸಣ್ಣನ ಸೀಟು ಹತ್ತಿ ಕೀಲಿ ತಿರುಗಿಸಿದೆ. ಸ್ಪೀಕರಿನಲ್ಲಿ ಡಾಕ್ಟರು ನಿಲ್ಲಿಸಿದಲ್ಲಿಂದಲೇ ಮಾತು ಮುಂದುವರಿಸಿದರು. ಒಮ್ಮೆ ಅವರ ಗಾಡಿ, ಒಮ್ಮೆ ನನ್ನದು, ಎರಡನ್ನೂ ಮುಂದೆ ಸರಿಸುತ್ತ ಹೋದೆ. ಬಸಣ್ಣ ದಾರಿಯಲ್ಲೇ ತೀರಿಕೊಂಡರೆಂದು ಫೋನ್ ಬಂದಾಗ ಅವರ ಗಾಡಿ ತೂಕದ ಕಾಟಾದ ಮೇಲಿತ್ತು. ಅವರ ಪಾಳಿ ತಪ್ಪಲಿಲ್ಲ. ನನ್ನದೂ ತಪ್ಪಲಿಲ್ಲ.