ನಾಲ್ಕು ಗ್ರಾಂ ತಿಳಿಯದ ಕೈ

"ಅದು ಕೈಯೇನಯ್ಯಾ? ಒಣಗಿದ ಕೊರಡು!"

ಬೆಳಗಿನ ಎಂಟು ಗಂಟೆ. ಮನಶ್ಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವಿದ್ಯಾರ್ಥಿಗಳ ಎದುರೇ ಪ್ರೊಫೆಸರ್ ಈ ಮಾತು ಎಸೆಯುತ್ತಾರೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಅಟೆಂಡರ್ ಡಬ್ಬಿಯಣ್ಣ ತಲೆ ಎತ್ತುವುದಿಲ್ಲ. ಮೇಜಿನ ಮೇಲಿರುವ ಈ ಅರವತ್ತು ಡಬ್ಬಿ ತುಂಬಲು ಅವರು ಬಂದು ಕೂತಾಗ ಇನ್ನೂ ಬೆಳಕೇ ಹರಿದಿರಲಿಲ್ಲ.

ಎಲ್ಲವೂ ನೋಡಲು ಒಂದೇ ಥರ. ಒಳಗೆ ಸೀಸದ ಗುಂಡು, ಅಲುಗದಂತೆ ಹತ್ತಿ. ಒಂದು ನೂರು ಗ್ರಾಂ, ಇನ್ನೊಂದು ನೂರಾ ಎರಡು, ಮತ್ತೊಂದು ನೂರಾ ನಾಲ್ಕು. ವಿದ್ಯಾರ್ಥಿಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದೊಂದನ್ನೇ ಎತ್ತಿ ಯಾವುದು ಭಾರ ಎನ್ನುತ್ತಾರೆ. ತೂಕ ಎಷ್ಟು ಬದಲಾದರೆ ಮನಸ್ಸಿಗೆ ತಿಳಿಯುತ್ತದೆ ಎಂಬುದನ್ನು ಅಳೆಯುವುದು ಹೀಗೆ.

"ನೂರು ಗ್ರಾಂ ಕೈಯಲ್ಲಿದ್ರೆ ಎರಡು ಗ್ರಾಂ ಸೇರಿಸಿದ್ರೂ ಗೊತ್ತಾಗುತ್ತೆ. ಒಂದು ಕೆ.ಜಿ. ಇದ್ರೆ ಇಪ್ಪತ್ತಾದ್ರೂ ಬೇಕು" ಎನ್ನುತ್ತಾರೆ ಡಬ್ಬಿಯಣ್ಣ. "ಹೊರೆ ಹೊತ್ತೋನ ಮೇಲೆ ಇನ್ನೊಂದು ಹಿಡಿ ಹಾಕಿ, ಅವನಿಗೆ ತಿಳಿಯೋದೇ ಇಲ್ಲ. ಹಾಕೋರಿಗೂ ಅದು ಚೆನ್ನಾಗಿ ಗೊತ್ತು ಬಿಡಿ."

ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಮೊದಲು ತಕ್ಕಡಿ, ಆಮೇಲೆ ಕೈ. ಕೈ ಒಪ್ಪದೆ ಮುಚ್ಚಳ ಬೀಳುವುದಿಲ್ಲ. ಎರಡು ಸಲ ತಕ್ಕಡಿಯ ತಪ್ಪನ್ನೇ ಆ ಕೈ ಹಿಡಿದಿದೆ. ಈ ಡಬ್ಬಿಗಳಿಂದ ಪ್ರೊಫೆಸರ್ ಎರಡು ಪುಸ್ತಕ ಬರೆದರು. ಮುನ್ನುಡಿಯಲ್ಲಿ ಅವರ ಭಾವಮೈದುನನಿಗೂ ಕೃತಜ್ಞತೆ ಇದೆ. ಡಬ್ಬಿಯಣ್ಣನ ಹೆಸರಿಲ್ಲ.

ಸೀಸ ಮುಟ್ಟುವುದು ಬರಿಗೈಯಲ್ಲಿ. ಕೈಗವಸು ಕೇಳಿದಾಗ, "ಯಾಕೆ, ಸೀಸ ಕಚ್ಚುತ್ತಾ?" ಎಂದಿದ್ದರು ಪ್ರೊಫೆಸರ್. ಕಚ್ಚಿತು. ಮೊದಲು ಕಂಡದ್ದು ಡಬ್ಬಿಯಣ್ಣನ ಹೆಂಡತಿಗೆ. "ರೀ, ಲೋಟ ಸುಡ್ತಿಲ್ವಾ? ಬೆರಳು ಕೆಂಪಗಾಗಿದೆ ನೋಡ್ರೀ!" ಸೀಸ ನರಕ್ಕಿಳಿದಿದೆ, ಹೋದ ಸ್ಪರ್ಶ ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಈಗ ಅಂಗಿಯ ಗುಂಡಿ ಹಾಕುವವಳು ಹೆಂಡತಿಯೇ.

ಹೋದ ತಿಂಗಳು ತಕ್ಕಡಿ ನಾಲ್ಕು ಗ್ರಾಂ ತಪ್ಪು ತೋರಿಸಿತು. ಕೈಗೆ ಅದು ತಿಳಿಯಲಿಲ್ಲ. ತಿಂಗಳಿಡೀ ಬರೆದುಕೊಂಡ ವಿದ್ಯಾರ್ಥಿಗಳ ಉತ್ತರಗಳೆಲ್ಲ ಕಸದ ಬುಟ್ಟಿಗೆ. ಬೆಳಗಿನ ಈ ಮರ್ಯಾದೆ ಅದಕ್ಕೇ.

"ಕೆಲಸ ಹೋದ್ರೆ ಹೋಗ್ಲಿ" ಎನ್ನುತ್ತಾರೆ ಡಬ್ಬಿಯಣ್ಣ. "ಮೊಮ್ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋನು ನಾನೇ. ರಸ್ತೆ ದಾಟೋವಾಗ ಅವಳು ನನ್ನ ಕೈ ಹಿಡಿದಿದ್ದಾಳೋ ಬಿಟ್ಟಳೋ, ಅದೊಂದು ತಿಳಿದಿದ್ರೆ ಸಾಕಿತ್ತು. ಹೆಜ್ಜೆಗೊಂದ್ಸಲ ತಿರುಗಿ ನೋಡ್ತೀನಿ. 'ಇಲ್ಲೇ ಇದ್ದೀನಲ್ಲ ತಾತಾ, ಎಷ್ಟ್ಸಲ ನೋಡ್ತೀಯಾ' ಅಂತ ಅವಳಿಗೆ ನಗು."

ಪ್ರಯೋಗಾಲಯದಲ್ಲಿ ಪ್ರೊಫೆಸರರ ಸಿಟ್ಟು ಇನ್ನೂ ಇಳಿದಿಲ್ಲ. ಡಬ್ಬಿಯಣ್ಣನ ಎರಡೂ ಅಂಗೈ ಮೇಲೆ ಒಂದೊಂದು ಡಬ್ಬಿ ಇಡುತ್ತಾರೆ. ಒಂದು ನೂರು ಗ್ರಾಂ, ಇನ್ನೊಂದು ಇನ್ನೂರು. ಎಳೆಮಗುವೂ ಹೇಳುತ್ತದೆ.

"ಹೇಳಯ್ಯಾ, ಯಾವುದು ಭಾರ?"

ಇಪ್ಪತ್ತೆರಡು ಪೆನ್ನುಗಳು ಕಾಯುತ್ತವೆ. ಡಬ್ಬಿಯಣ್ಣ ಅಂಗೈಗಳನ್ನು ಮೇಲೆ ಕೆಳಗೆ ತೂಗಿ ನೋಡುತ್ತಾರೆ. ಆಮೇಲೆ ಬೀಳದಂತೆ, ಕಣ್ಣಲ್ಲೇ ನೋಡಿಕೊಂಡು, ಎರಡನ್ನೂ ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆಯುತ್ತಾರೆ.